‘ಆಗದವರು ಸುಮ್ನೆ ಕೂತ್ಕೊಳ್ಳಿ’ ಅಂತ ನಾನೂ ಹೇಳ್ತಿದ್ದೆ

ಯೋಗ ಕಲಿಸಲು ಶುರು ಮಾಡಿ ಏಳೋ ಎಂಟೋ ತಿಂಗಳಾಗಿತ್ತು. ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ ಒಂದು ಕ್ಲಬ್ಬಿನ ಹಾಲ್. ಮಧ್ಯಾಹ್ನ ಮೂರೂವರೆಗೆ ಹೆಂಗಸರ ಕ್ಲಾಸು. ಅವತ್ತು ಪದ್ಮಾಸನ ಹೇಳಿಕೊಡುತ್ತಿದ್ದೆ. ದಿನಾ ಹೇಳುವ ಹಾಗೆ ‘ಯಾರಿಗೆ ಆಗುವುದಿಲ್ವೋ ಅವರು ಸುಮ್ನೆ ಕೂತ್ಕೊಳ್ಳಿ’ ಅಂದೆ. ಹಿಂದಿನ ಸಾಲಿನಲ್ಲಿ ಗೋಡೆಗೆ ಒರಗಿ ಕಾಲು ನೀಡಿ ಕೂತಿದ್ದ ಅಕ್ಕ ಒಬ್ಬರು, ಬೀಡಿ ಕಟ್ಟುವವರು, ಜಗಳದ ದನಿಯೇನೂ ಇಲ್ಲದೆ ಕೇಳಿದರು: ‘ಟೀಚರೇ, ಒಂದು ತಿಂಗಳಿಂದ ನಾನು ಸುಮ್ನೆ ಕೂತಿದ್ದೇನೆ. ಇದಕ್ಕೆ ಇಷ್ಟು ದೂರ ನಡ್ಕೊಂಡು ಬರಬೇಕಾ? ಮನೆಯಲ್ಲಿ ಕೂತಿದ್ರೆ ನೂರು ಬೀಡಿಯಾದ್ರೂ ಆಗ್ತಿತ್ತು.’

ಎಲ್ಲರೂ ನಕ್ಕರು. ನಾನೂ ನಕ್ಕೆ. ರಾತ್ರಿ ನಿದ್ದೆ ಬರಲಿಲ್ಲ.

ನಾನು ಮಾಡಿದ್ದು ಒಂದು ವರ್ಷದ ಡಿಪ್ಲೊಮಾ. ಪ್ರತಿ ಆಸನಕ್ಕೂ ವಿಧಾನ, ಪ್ರಯೋಜನ, ಆಮೇಲೆ ‘ಯಾರು ಮಾಡಬಾರದು’ ಅಂತ ಒಂದು ಪಟ್ಟಿ. ಬಿಪಿ ಇದ್ದವರು ಮಾಡಬಾರದು, ಹರ್ನಿಯಾ ಇದ್ದವರು ಮಾಡಬಾರದು, ಮಂಡಿನೋವು ಇದ್ದವರು ಮಾಡಬಾರದು. ಅದನ್ನು ಉರು ಹೊಡೆದು ಪರೀಕ್ಷೆಯಲ್ಲಿ ಬರೆದು ಒಳ್ಳೆ ಮಾರ್ಕು ತಗೊಂಡಿದ್ದೇನೆ. ಮಾಡಬಾರದವರು ಹಾಗಾದರೆ ಎಂತ ಮಾಡಬೇಕು ಅಂತ ಮಾತ್ರ ಪುಸ್ತಕದಲ್ಲಿ ಇರಲಿಲ್ಲ, ನಾನೂ ಯಾರನ್ನೂ ಕೇಳಿರಲಿಲ್ಲ. ನಮ್ಮ ಊರಿನಲ್ಲಿ ಆ ಪಟ್ಟಿಯವರನ್ನೆಲ್ಲ ಬದಿಗೆ ಕೂರಿಸಿದರೆ ಹಾಲಿನಲ್ಲಿ ಉಳಿಯುವುದು ನಾನು ಮತ್ತು ಫ್ಯಾನು.

ಬರುವವರನ್ನು ನೋಡಿ. ಮೂವತ್ತು ವರ್ಷ ಮಡಿಲಲ್ಲಿ ತಡ್ಪೆ (ಮೊರ) ಇಟ್ಟು, ಕುತ್ತಿಗೆ ಬಗ್ಗಿಸಿ ಬೀಡಿ ಕಟ್ಟಿದವರು. ಮಂಗಳೂರಿನಲ್ಲಿ ಮಂಡಿ ಆಪರೇಷನ್ ಮಾಡಿಸಿ ಬಂದವರು. ಗಲ್ಫ್‌ನಿಂದ ಸಕ್ಕರೆ ಕಾಯಿಲೆಯ ಜೊತೆ ವಾಪಸಾದ ಗಂಡಸರು. ಅಡಿಕೆ ಮರದಿಂದ ಬಿದ್ದವರು. ಇದರ ಮೇಲೆ ಎಂಡೋಸಲ್ಫಾನ್ ಎಂಬ ಕೀಟನಾಶಕ. 1970ರ ದಶಕದ ಕೊನೆಯಿಂದ 2000ದವರೆಗೆ ಗೇರು ತೋಟಗಳಿಗೆ ಹೆಲಿಕಾಪ್ಟರಿನಲ್ಲಿ ಸುರಿದದ್ದು. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಬದಿಯಡ್ಕ ಅಂತ ಜಿಲ್ಲೆಯ 11 ಪಂಚಾಯತುಗಳು ಬಾಧಿತ ಪಟ್ಟಿಯಲ್ಲಿವೆ. 2011ರಲ್ಲಿ ಸುಪ್ರೀಂ ಕೋರ್ಟ್ ದೇಶಕ್ಕೇ ನಿಷೇಧ ಹಾಕಿತು ಸರಿ, ಆದರೆ ಕೈಕಾಲು ಸ್ವಾಧೀನದಲ್ಲಿಲ್ಲದ ಮಕ್ಕಳು ಇರುವ ಮನೆಗಳು ಹಾಗೇ ಇವೆ. ಮಕ್ಕಳು ದೊಡ್ಡವರಾದರು, ಅವರನ್ನು ಎತ್ತಿ ಎತ್ತಿ ಅಮ್ಮಂದಿರ ಸೊಂಟ ಹೋಯಿತು. ಆ ಅಮ್ಮಂದಿರೂ ನನ್ನ ಕ್ಲಾಸಿಗೆ ಬರುತ್ತಾರೆ.

ಹಾಗಾಗಿ ಕ್ಲಾಸನ್ನು ತಲೆಕೆಳಗೆ ಮಾಡಿದೆ. ಆ ಅಕ್ಕ ಕೇಳಿದ ಮೇಲೆ ಮೊದಮೊದಲು ನೆಲದಲ್ಲಿ ಶುರು ಮಾಡಿ, ಆಗದವರಿಗೆ ಕುರ್ಚಿ ಕೊಡುತ್ತಿದ್ದೆ. ಕುರ್ಚಿ ಸಿಕ್ಕಿದವರ ಮುಖ ನೋಡಬೇಕಿತ್ತು, ಶಾಲೆಯಲ್ಲಿ ಬೆಂಚಿನ ಮೇಲೆ ನಿಲ್ಲಿಸಿದ ಹಾಗೆ. ಈಗ ಮೊದಲ ಇಪ್ಪತ್ತು ನಿಮಿಷ ಎಲ್ಲರೂ ಕುರ್ಚಿಯಲ್ಲೇ, ನಾನೂ ಕುರ್ಚಿಯಲ್ಲೇ. ಆಮೇಲೆ ಬೇಕಾದವರು ಎದ್ದು ನಿಲ್ಲುತ್ತಾರೆ, ಇನ್ನೂ ಬೇಕಾದವರು ಚಾಪೆಗೆ ಇಳಿಯುತ್ತಾರೆ. ಇಳಿಯದವರನ್ನು ಯಾರೂ ತಿರುಗಿ ನೋಡುವುದಿಲ್ಲ, ಅವರು ಕೂತಲ್ಲೇ ಕೂತಿದ್ದಾರೆ ಅಷ್ಟೆ.

ಕುರ್ಚಿಯದ್ದೇ ಒಂದು ಕಥೆ ಉಂಟು. ಕ್ಲಬ್ಬಿನವರ ಪ್ಲಾಸ್ಟಿಕ್ ಕುರ್ಚಿ, ನೆಲಕ್ಕೆ ಟೈಲ್ಸ್. ಮೊದಲ ವಾರವೇ ಮುಂದೆ ಬಗ್ಗುವುದನ್ನು ತೋರಿಸಲು ಹೋಗಿ ಕುರ್ಚಿ ಹಿಂದಕ್ಕೆ ಜಾರಿತು, ನಾನು ಟೈಲ್ಸಿನ ಮೇಲೆ ಕೂತಿದ್ದೆ. ಬಿದ್ದದ್ದು ನಾನಾದ ಕಾರಣ ಬಚಾವ್, ಎಪ್ಪತ್ತು ದಾಟಿದ ಅಜ್ಜಿ ಆಗಿದ್ದರೆ ಸೊಂಟದ ಮೂಳೆ ಹೋಗುತ್ತಿತ್ತು. ಅವತ್ತಿನಿಂದ ಕುರ್ಚಿಯ ಬೆನ್ನು ಗೋಡೆಗೆ, ಕಾಲಿನ ಅಡಿಗೆ ಒದ್ದೆ ಮಾಡಿ ಹಿಂಡಿದ ಗೋಣಿ. ಕೈ ಇರುವ ಪ್ಲಾಸ್ಟಿಕ್ ಕುರ್ಚಿಯಲ್ಲಿ ದೊಡ್ಡ ಮೈಯವರು ಸಿಕ್ಕಿಹಾಕಿಕೊಳ್ಳುತ್ತಾರೆ, ಅದಕ್ಕೆ ಕೈ ಇಲ್ಲದ ಕಬ್ಬಿಣದ ಮಡಚುವ ಕುರ್ಚಿ ನಾಲ್ಕು ತರಿಸಿದೆ. ಇನ್ನೊಂದು ವಿಷಯ ನನಗೆ ಎರಡು ತಿಂಗಳು ಗೊತ್ತೇ ಆಗಿರಲಿಲ್ಲ. ನಮ್ಮ ಹೆಂಗಸರಲ್ಲಿ ಅರ್ಧ ಜನರ ಪಾದ ನೆಲಕ್ಕೆ ತಾಗುವುದೇ ಇಲ್ಲ. ಪಾದ ನೇತಾಡುತ್ತಿದ್ದರೆ ಸೊಂಟ ಹಿಂದೆ ಜಾರುತ್ತದೆ, ಬೆನ್ನು ಗೂನಾಗುತ್ತದೆ, ಮತ್ತೆ ಉಸಿರು ಎಲ್ಲಿಂದ ಬರಬೇಕು? ಊಟದ ಮಣೆ ತಂದು ಕಾಲಡಿಗೆ ಇಟ್ಟೆ. ಆ ಬೀಡಿ ಅಕ್ಕ ಮಣೆಯ ಮೇಲೆ ಪಾದ ಊರಿ ಎರಡು ಸಲ ಉಸಿರು ತೆಗೆದುಕೊಂಡು, ‘ಓ, ಇದಾ’ ಅಂದರು. ಅಷ್ಟೇ ಅಂದದ್ದು.

ಸೂರ್ಯ ನಮಸ್ಕಾರ ಕುರ್ಚಿಯಲ್ಲಿ ಹೇಗೆ ಅಂತ ತುಂಬ ಜನ ಕೇಳುತ್ತಾರೆ. ಕುರ್ಚಿಯ ಮುಂದಿನ ಅಂಚಿಗೆ ಬನ್ನಿ. ಎದೆಯ ಮುಂದೆ ಕೈ ಮುಗಿಯಿರಿ. ಉಸಿರು ಒಳಗೆ ಎಳೆಯುತ್ತಾ ಕೈ ಮೇಲೆ, ಭುಜ ಏಳದಿದ್ದರೆ ಕಿವಿಯವರೆಗೆ ಸಾಕು. ಉಸಿರು ಬಿಡುತ್ತಾ ಮುಂದಕ್ಕೆ ಬಗ್ಗಿ, ಅಂಗೈಗಳನ್ನು ಮೊಣಕಾಲಿನ ಕೆಳಗೆ ಜಾರಿಸಿ. ಹೊಟ್ಟೆ ಇದ್ದವರು ಮೊಣಕಾಲು ಅಗಲ ಮಾಡಿ ಹೊಟ್ಟೆಗೆ ಜಾಗ ಬಿಡಿ. ಬೆನ್ನು ಅರ್ಧ ಎತ್ತಿ, ಬಲ ಮೊಣಕಾಲನ್ನು ಎರಡೂ ಕೈಯಲ್ಲಿ ಹಿಡಿದು ಎದೆಯ ಕಡೆಗೆ ತನ್ನಿ, ಬಿಡಿ, ಎಡ ಮೊಣಕಾಲು. ಆಮೇಲೆ ಕುರ್ಚಿಯ ಅಂಚನ್ನು ಹಿಂದಿನಿಂದ ಹಿಡಿದು ಎದೆ ಮೇಲಕ್ಕೆ, ಅದೇ ನಿಮ್ಮ ಭುಜಂಗಾಸನ. ಮತ್ತೆ ಬಗ್ಗಿ, ಕೈ ಮೇಲೆ, ನಮಸ್ಕಾರ. ಮಂಡಿಗೆ ಭಾರ ಬೀಳುವುದಿಲ್ಲ. ಆದರೆ ನಾಲ್ಕು ಸುತ್ತು ಮಾಡಿಸಿ ನೋಡಿ, ಆಡಿಕೊಂಡ ಹುಡುಗರೂ ಬೆವರುತ್ತಾರೆ. ಒಂದು ಎಚ್ಚರಿಕೆ: ಗ್ಲಾಕೋಮಾ ಇದ್ದವರು ತಲೆ ಕೆಳಗೆ ಬಿಡಬಾರದು, ಕಣ್ಣಿನ ಒತ್ತಡ ಏರುತ್ತದೆ. ಮೂಳೆ ಸವೆದ ಅಜ್ಜಿಯಂದಿರು ಬೆನ್ನು ಗೂನು ಮಾಡಿ ಬಗ್ಗಬಾರದು, ಬೆನ್ನುಮೂಳೆ ಜಜ್ಜುವ ಅಪಾಯ ಉಂಟು. ಅವರಿಗೆ ಬೆನ್ನು ನೇರ ಇಟ್ಟು, ಸೊಂಟದಿಂದ ಚೂರೇ ಮುಂದೆ.

‘ಇದು ಡೂಪ್ಲಿಕೇಟ್ ಯೋಗ’ ಅಂತ ಒಬ್ಬರು ಹಿರಿಯರು ನನ್ನೆದುರೇ ಹೇಳಿದರು. ಕೋಲಾರ ಕಡೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಯೋಗಗುರು ಬಿ.ಕೆ.ಎಸ್. ಅಯ್ಯಂಗಾರರು ಚಿಕ್ಕಂದಿನಲ್ಲಿ ಮಲೇರಿಯಾ, ಕ್ಷಯ, ಟೈಫಾಯ್ಡ್ ಎಲ್ಲ ಅನುಭವಿಸಿದವರು. ಆಮೇಲೆ ಕುರ್ಚಿ, ಹಗ್ಗ, ಇಟ್ಟಿಗೆಯ ಗಾತ್ರದ ಮರದ ತುಂಡು, ಬೆಲ್ಟು ಎಲ್ಲವನ್ನೂ ಯೋಗಕ್ಕೆ ತಂದವರು ಅವರೇ. ಪತಂಜಲಿಯ ಸೂತ್ರಗಳಲ್ಲಿ ಆಸನದ ಬಗ್ಗೆ ನೇರವಾಗಿ ಇರುವುದು ಮೂರೇ ಮೂರು, ಮೊದಲನೆಯದು ‘ಸ್ಥಿರಸುಖಮಾಸನಂ’. ಅದರಲ್ಲಿ ಕಾಲುಬೆರಳು ಮುಟ್ಟಬೇಕು ಅಂತ ಎಲ್ಲಿ ಉಂಟು? ಇದನ್ನೆಲ್ಲ ಆ ಹಿರಿಯರಿಗೆ ಹೇಳಿದೆ. ಒಪ್ಪಿದರೋ ಇಲ್ಲವೋ ಗೊತ್ತಿಲ್ಲ, ಸಕ್ಕರೆ ಜಾಸ್ತಿಯಾದ ಮೇಲೆ ಬರಲು ಶುರು ಮಾಡಿದ್ದಾರೆ. ಅವರ ಪಾದದಲ್ಲಿ ಸ್ಪರ್ಶ ಕಡಿಮೆಯಾಗಿದೆ, ಅದಕ್ಕೆ ಬರಿಗಾಲಲ್ಲಿ ಅಂಗಳಕ್ಕೆ ಬಿಡುವುದಿಲ್ಲ, ನಿಂತು ಮಾಡುವುದೆಲ್ಲ ಗೋಡೆ ಹಿಡಿದೇ.

ಅಡಿಕೆ ಮರದಿಂದ ಬಿದ್ದ ಅಣ್ಣ ಬಂದಾಗ ನನಗೆ ನಿಜಕ್ಕೂ ಹೆದರಿಕೆಯಾಗಿತ್ತು. ಸೊಂಟದಿಂದ ಕೆಳಗೆ ಸ್ವಾಧೀನ ಇಲ್ಲ, ಗಾಲಿಕುರ್ಚಿ. ಮೊದಲ ದಿನ ವೃಕ್ಷಾಸನ (ಒಂಟಿಕಾಲಲ್ಲಿ ಮರದ ಹಾಗೆ ನಿಲ್ಲುವುದು) ಅಂದ ಕೂಡಲೇ, ‘ಮರ ನನಗೆ ಒಂದು ಸಲ ಸಾಕು ಟೀಚರೇ’ ಅಂದರು. ನಗಬೇಕೋ ಬೇಡವೋ ತಿಳಿಯದೆ ನಾನು ಗೋಡೆ ನೋಡುತ್ತಾ ನಿಂತೆ. ಅವರೇ ಮೊದಲು ನಕ್ಕರು.

ಅವರಿಗಾಗಿ ಪ್ರತಿ ಆಸನವನ್ನೂ ಮತ್ತೆ ಕೂತು ಯೋಚಿಸಬೇಕಾಯಿತು. ವೃಕ್ಷಾಸನದಲ್ಲಿ ನಡೆಯುವುದೇನು? ಮೈಯ ಒಂದು ಬದಿ ಗಟ್ಟಿಯಾಗಿ ಊರುತ್ತದೆ, ಇನ್ನೊಂದು ಬದಿ ಬಿಡಿಸಿಕೊಳ್ಳುತ್ತದೆ, ದೃಷ್ಟಿ ಒಂದೇ ಕಡೆ. ಅಂದ ಮೇಲೆ ಗಾಲಿಕುರ್ಚಿಗೆ ಬ್ರೇಕ್ ಹಾಕಿ, ಎಡ ಅಂಗೈಯನ್ನು ಕುರ್ಚಿಯ ಕೈಗೆ ಒತ್ತಿ, ಬಲಗೈ ಮೇಲೆ, ಕಣ್ಣು ಬಾಗಿಲಿನ ಚಿಲಕದ ಮೇಲೆ. ಎದೆಯ ಪಕ್ಕ ನಡುಗುವುದು ಕಾಣುತ್ತಿತ್ತು, ಅಷ್ಟು ಕೆಲಸ ಅದು. ಅವರ ಫಿಸಿಯೊ ಹತ್ತಿರ ಮೂರು ಸಲ ಹೋಗಿ ಕೇಳಿ ತಿಳಿದುಕೊಂಡೆ. ಸ್ಪರ್ಶ ಇಲ್ಲದ ಕಾಲನ್ನು ಎಳೆಯಬಾರದು, ಭಾರ ಬೀಳದ ಮೂಳೆ ಟೊಳ್ಳಾಗಿರುತ್ತದೆ, ನಾವು ಎಳೆದದ್ದಕ್ಕೇ ಮುರಿಯಬಹುದು. ಒಂದೇ ಕಡೆ ಕೂತರೆ ಹುಣ್ಣಾಗುತ್ತದೆ, ಅದಕ್ಕೆ ಕ್ಲಾಸಿನ ನಡುವೆ ಎರಡು ಸಲ ಎರಡೂ ಕೈ ಊರಿ ಕುಂಡೆ ಎತ್ತುವುದನ್ನು ಸೇರಿಸಿದೆ. ಈಗ ಅದನ್ನು ಎಲ್ಲರೂ ಮಾಡುತ್ತಾರೆ, ತೋಳಿಗೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಶವಾಸನಕ್ಕೆ ಅವರ ಮೀನಖಂಡದ ಅಡಿಗೆ ಬೈರಾಸು (ಟವೆಲ್) ಸುತ್ತಿಟ್ಟು, ಹಿಮ್ಮಡಿ ಗಾಳಿಯಲ್ಲಿ ಇರುವ ಹಾಗೆ ನೋಡಿಕೊಳ್ಳುತ್ತೇನೆ.

ಹದಿನಾಲ್ಕು ವರ್ಷದ ಒಬ್ಬಳು ಹುಡುಗಿ ಇದಕ್ಕೆ ತೀರಾ ಉಲ್ಟಾ. ಡೌನ್ ಸಿಂಡ್ರೋಮ್. ಕೂತು ಬಗ್ಗಿದರೆ ಹಣೆ ನೆಲಕ್ಕೆ, ಎರಡೂ ಕಾಲು ಬದಿಗೆ ಚಾಚಿದರೆ ಗೆರೆ ಎಳೆದ ಹಾಗೆ. ನೋಡಿದವರೆಲ್ಲ ಚಪ್ಪಾಳೆ. ನನಗೆ ಚಪ್ಪಾಳೆಯೇ ತಲೆನೋವು. ಅವಳ ಸ್ನಾಯು, ಕೀಲು ಹುಟ್ಟಿನಿಂದಲೇ ಸಡಿಲ, ಇನ್ನೂ ಎಳೆದರೆ ಕೀಲಿಗೇ ಪೆಟ್ಟು. ಅವಳಿಗೆ ಬೇಕಾದದ್ದು ಬಲ. ಗೋಡೆಗೆ ಅಂಗೈ ಒತ್ತುವುದು, ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು. ಒಂದು ಜೂನ್ 21ರ ಯೋಗ ದಿನದ ಕಾರ್ಯಕ್ರಮಕ್ಕೆ ಅವಳಿಂದ ಶೀರ್ಷಾಸನ ಮಾಡಿಸಿ, ಫೋಟೋ ಚಂದ ಬರುತ್ತದೆ ಅಂತ ಸಂಘಟಕರೊಬ್ಬರು ಹಟ ಹಿಡಿದರು. ಆಗುವುದಿಲ್ಲ ಅಂದೆ. ಡೌನ್ ಸಿಂಡ್ರೋಮ್ ಇರುವ ಕೆಲವರಿಗೆ ಕುತ್ತಿಗೆಯ ಮೇಲಿನ ಎರಡು ಮೂಳೆಗಳ ನಡುವಿನ ಹಿಡಿತ ಸಡಿಲ ಇರುತ್ತದೆ. ತಲೆ ಮೇಲೆ ಭಾರ ಬಿದ್ದರೆ, ಕುತ್ತಿಗೆ ಜೋರಾಗಿ ಬಗ್ಗಿದರೆ ನರಕ್ಕೇ ಒತ್ತಬಹುದು. ಶೀರ್ಷಾಸನ, ಹಲಾಸನ, ಲಾಗ ಹಾಕುವುದು ಯಾವುದೂ ಬೇಡ. ಅವರಿಗೆ ಬೇಜಾರಾಯಿತು, ಮುಂದಿನ ವರ್ಷ ನನ್ನನ್ನು ಕರೆಯಲಿಲ್ಲ. ಇರಲಿ.

ಟೀವಿ ನೋಡಿ ಬರುವವರಿಗೆಲ್ಲ ಕಪಾಲಭಾತಿ ಬೇಕು, ಹೊಟ್ಟೆ ಒಳಗೆಳೆದು ಉಸಿರನ್ನು ಜೋರಾಗಿ ಹೊರದಬ್ಬುವುದು. ನಾನು ಈ ಮಿಶ್ರ ಕ್ಲಾಸಿನಲ್ಲಿ ಕಲಿಸುವುದೇ ಇಲ್ಲ. ಬಿಪಿ, ಹೃದಯದ ತೊಂದರೆ, ಹರ್ನಿಯಾ, ಗರ್ಭಿಣಿಯರು, ಅಪಸ್ಮಾರ, ಇಷ್ಟು ಜನರನ್ನು ಬದಿಗಿಟ್ಟು ಒಂದು ಕ್ರಿಯೆ ಯಾಕೆ? ಭ್ರಾಮರಿ ಸಾಕು. ಬಾಯಿ ಮುಚ್ಚಿ ಜೇನ್ನೊಣದ ಹಾಗೆ ಗುಂಯ್ ಅನ್ನುವುದು, ಉಸಿರು ಬಿಡುವುದು ತನ್ನಷ್ಟಕ್ಕೆ ಉದ್ದ ಆಗುತ್ತದೆ. ಓಂ ಹೇಳಲು ಮನಸ್ಸಿಲ್ಲದ ಬ್ಯಾರಿ ಮುಸ್ಲಿಂ ಅಕ್ಕಂದಿರು, ಕ್ರಿಸ್ತಿಯನ್ ಅಕ್ಕಂದಿರು ನಮ್ಮಲ್ಲಿ ಬರುತ್ತಾರೆ. ಗುಂಯ್ ಅನ್ನುವುದಕ್ಕೆ ಯಾರ ತಕರಾರೂ ಇಲ್ಲ.

ಮಾತಿನ ಬಗ್ಗೆಯೂ ಹೇಳಬೇಕು. ಕನ್ನಡದಲ್ಲಿ ಹೇಳಿ, ತುಳುವಿನಲ್ಲಿ ಹೇಳಿ, ಮಲಯಾಳದಲ್ಲಿ ‘ಶ್ವಾಸಂ ವಿಡು’ ಅನ್ನುವಷ್ಟರಲ್ಲಿ ಮೊದಲನೆಯವರು ಉಸಿರು ಬಿಟ್ಟು ಇನ್ನೊಂದು ಎಳೆದು ಆಗಿರುತ್ತದೆ. ಕೊನೆಗೆ ಕೈಸನ್ನೆ ಸಾಕು ಅಂತ ಮಾಡಿದೆ, ಮೇಲೆ ಹೋದರೆ ಒಳಗೆ, ಕೆಳಗೆ ಬಂದರೆ ಹೊರಗೆ. ಅಷ್ಟರಲ್ಲಿ ಕಣ್ಣು ಕಾಣದ ಒಬ್ಬರು ನಿವೃತ್ತ ಮಾಷ್ಟ್ರು ಸೇರಿದರು, ಸನ್ನೆ ಕೆಲಸಕ್ಕೆ ಬರಲಿಲ್ಲ! ಈಗ ಕೈಸನ್ನೆಯ ಜೊತೆಗೇ ಮೂಗಿನಲ್ಲಿ ಸದ್ದು ಮಾಡಿ ಉಸಿರಾಡುತ್ತೇನೆ, ಅದಕ್ಕೆ ಭಾಷೆ ಬೇಡ. ಅವರ ಭುಜ ಸರಿ ಮಾಡಲು ಹೇಳದೆ ಕೈ ಹಾಕಿದಾಗ ಬೆಚ್ಚಿಬಿದ್ದರು. ಅಲ್ಲಿಂದ ಯಾರನ್ನೇ ಆಗಲಿ ‘ಮುಟ್ಟಲಾ?’ ಅಂತ ಕೇಳಿಯೇ ಮುಟ್ಟುವುದು.

ತಪ್ಪು ಮಾಡಿಲ್ಲ ಅಂತ ಅಲ್ಲ. ದಪ್ಪ ಮೈಯ ಒಬ್ಬಳು ಹುಡುಗಿಗೆ ‘ಚೂರು ತೆಳ್ಳಗಾದ್ರೆ ಇದೆಲ್ಲ ಸುಲಭ ಆಗ್ತದೆ’ ಅಂದುಬಿಟ್ಟಿದ್ದೆ, ಪ್ರೋತ್ಸಾಹ ಅಂತಲೇ ಅಂದುಕೊಂಡು. ಎರಡು ವಾರ ಬರಲಿಲ್ಲ. ಮನೆಗೆ ಹೋಗಿ ತಪ್ಪಾಯಿತು ಅಂದೆ. ಅವಳ ಅಮ್ಮ ಚಾ ಕೊಟ್ಟರು, ಅವಳು ಮಾತಾಡಲಿಲ್ಲ. ಮೂರನೇ ವಾರ ಬಂದಳು. ಆ ಮಾತನ್ನು ನಾನು ಆಮೇಲೆ ಯಾರಿಗೂ ಹೇಳಿಲ್ಲ.

ಈಗ ಬಾಕಿ ಇರುವುದು ಹಾಲಿನ ಮೆಟ್ಟಿಲು. ಮೂರು ಮೆಟ್ಟಿಲು, ಒಟ್ಟು ಒಂದೂವರೆ ಅಡಿ ಎತ್ತರ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕು, ಅಂದರೆ ನಮಗೆ ಹದಿನೆಂಟು ಅಡಿ. ಇದು ಗೊತ್ತಿಲ್ಲದೆ ಆರು ಅಡಿಯ ಹಲಗೆ ಇಟ್ಟು, ಆ ಅಣ್ಣನ ಗಾಲಿಕುರ್ಚಿಯನ್ನು ಹತ್ತಿಸಲು ಹೋಗಿ ಮೂವರೂ ಹಿಂದಕ್ಕೆ ಬಂದಿದ್ದೆವು. ಹದಿನೆಂಟು ಅಡಿ ಎಳೆದರೆ ಗೇಟಿನ ಹೊರಗೆ ರಸ್ತೆಗೆ ಹೋಗುತ್ತದೆ, ಅದಕ್ಕೆ ಗೋಡೆಯ ಬದಿಯಿಂದ ತಿರುಗಿಸಿ ಕಟ್ಟಬೇಕು. ಅರ್ಜಿ ಕೊಟ್ಟು ಒಂದು ವರ್ಷ ಆಯಿತು. ಸದ್ಯಕ್ಕೆ ಬಿಸಿಲು ಇಳಿದ ಮೇಲೆ ಅಂಗಳದಲ್ಲೇ ಕ್ಲಾಸು, ಕುರ್ಚಿಗಳನ್ನು ಹೊರಗೆ ತಂದು ಹಾಕುತ್ತೇವೆ. ಮಳೆಗಾಲದಲ್ಲಿ ಮಾತ್ರ ಇಬ್ಬರು ಹಿಡಿದು ಅವರನ್ನು ಒಳಗೆ ಎತ್ತಬೇಕು. ಎತ್ತುವ ಮೊದಲು ಮಂಡಿ ಮಡಚಿ, ಬೆನ್ನು ನೇರ ಇಟ್ಟುಕೊಳ್ಳಿ ಅಂತ ಅವರೇ ಕುರ್ಚಿಯಲ್ಲಿ ಕೂತು ಆ ಇಬ್ಬರಿಗೆ ಹೇಳಿಕೊಡುತ್ತಾರೆ.