ಆನೆಗುಂದಿಯ ಹೊಳೆ ದಂಡೆ ಮನೆಗೆ ಸುಣ್ಣದ ಗಾರೆ: ನನ್ನ ಅನುಭವ

ನನ್ನ ಹೋಂಸ್ಟೇ ಗೋಡೆ ಎರಡು ಮಳೆಗಾಲ ಕಳೆದರೂ ಉಪ್ಪು ಕಕ್ಕಿಲ್ಲ. "ಗಾರೆಗೆ ದುಡ್ಡು ಸುರಿಯೋದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂಗೆ" ಅಂದವರೇ ಈಗ ಬಂದು ಗೋಡೆ ಸವರಿ ನೋಡುತ್ತಾರೆ. ಖುಷಿ ಆಗುತ್ತೆ, ಸುಳ್ಳೇಕೆ ಹೇಳಲಿ.

ಕಲ್ಲು-ಮಣ್ಣಿನ ಹಳೆ ಗೋಡೆ, ಮೇಲೆ ಮಣ್ಣಿನ ಮಾಳಿಗೆ (ಚಪ್ಪಟೆ ಛಾವಣಿ), ತುಂಗಭದ್ರೆ ಕೂಗಳತೆಯಲ್ಲಿ. ಹಿಂದಿನವರು ಒಳಗೂ ಹೊರಗೂ ಸಿಮೆಂಟ್ ಬಳಿಸಿದ್ದರು. ನೆಲದಿಂದ ಏರಿದ ತೇವಕ್ಕೆ ಹೊರಬೀಳಲು ದಾರಿಯೇ ಇರಲಿಲ್ಲ. ಸೊಂಟದೆತ್ತರಕ್ಕೆ ಬಿಳಿ ಉಪ್ಪು. ಬೆರಳಲ್ಲಿ ತಟ್ಟಿದರೆ ಡಬಡಬ ಸದ್ದು, ಇನ್ನೊಂದು ಸಲ ತಟ್ಟಿದರೆ ಚಕ್ಕೆ ಕೈಗೆ. ಗುತ್ತಿಗೆದಾರರೊಬ್ಬರು ವಾಟರ್‌ಪ್ರೂಫ್ ಕೋಟಿಂಗ್ ಹೊಡೆದು 1 ಲಕ್ಷದ ಮೇಲೆ ತಗೊಂಡರು. ಡ್ಯಾಮಿನಿಂದ ನೀರು ಬಿಟ್ಟು ಹೊಳೆ ತುಂಬಿದ ಆ ವರ್ಷವೇ ಅದು ಗುಳ್ಳೆ ಎದ್ದು, ತೇವ ಇನ್ನೊಂದು ಗೇಣು ಮೇಲೆ ಹತ್ತಿತು. ಮುಗ್ಗಲು ವಾಸನೆಗೆ ಬಂದವರು ಮರುದಿನವೇ ಗಂಟುಮೂಟೆ ಕಟ್ಟುತ್ತಿದ್ದರು.

ಕೊನೆಗೆ ಸಿಮೆಂಟ್ ತೆಗೆಸಿ, ತೇವ ಹೊರಬಿಡುವ ಸುಣ್ಣದ ಗಾರೆ ಹಚ್ಚಿಸೋದು ಅಂತ ತೀರ್ಮಾನಿಸಿದೆ. ಊರು ಹಂಪಿ ಪರಂಪರೆ ಪ್ರದೇಶದೊಳಗೆ ಬರುವುದರಿಂದ ಮೊದಲು ಅನುಮತಿ. ಆಮೇಲೆ ಸಿಮೆಂಟೆಲ್ಲ ಕೆತ್ತಿಸಿ, ಸಂದಿನ ಸಡಿಲ ಮಣ್ಣು ಕೆರೆಸಿ, ಬೇಸಿಗೆ ಪೂರ್ತಿ ಗೋಡೆ ಸುಮ್ನೆ ಬಿಟ್ಟೆ. ಎಲ್ಲರೂ ಅವಸರ ಪಡೋದು ಇಲ್ಲೇ. ಸುಟ್ಟ ಸುಣ್ಣವನ್ನು ಗುಂಡಿಯಲ್ಲಿ ಅರಳಿಸಿ ತಿಂಗಳ ಮೇಲೆ ನೀರಲ್ಲೇ ಇಟ್ಟೆ. 1 ಪಾಲು ಸುಣ್ಣಕ್ಕೆ ಹತ್ತಿರಹತ್ತಿರ 2.5 ಪಾಲು ಮರಳು, ಒಳಪದರಕ್ಕೆ ಇಟ್ಟಿಗೆ ಪುಡಿಯೂ ಸ್ವಲ್ಪ. ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರು ಎಷ್ಟು, ಯಾವಾಗ ಹಾಕೋದು ಅಂತ ಮಾತ್ರ ಹೇಳಲ್ಲ, ಹಿರಿಯ ಮೇಸ್ತ್ರಿಗೆ ಮಾತು ಕೊಟ್ಟಿದ್ದೇನೆ. ಕರಣೆ ಓರೆ ಮಾಡಿದರೂ ಗಾರೆ ಜಾರದೆ ನಿಂತರೆ ಹದ ಬಂತು ಅಂತ. ಹಚ್ಚಿದ ಮೇಲೆ ನೆನೆಸಿದ ಗೋಣಿಚೀಲ ಇಳಿಬಿಟ್ಟು ನಿಧಾನವಾಗಿ ಆರಲು ಬಿಡಬೇಕು, ಬಿಸಿಲಿಗೆ ಬೇಗ ಒಣಗಿದರೆ ಬಿರುಕು ಗ್ಯಾರಂಟಿ.

ನಡುವೆ ಒಂದು ಮೂಲೆಗೆ ಪಾಪಸುಕಳ್ಳಿ ಲೋಳೆ ಬೆರೆಸಿ ನೋಡಿದೆ. ಗಟ್ಟಿಯೇನೋ ಬಂತು, ಆದರೆ ವಾಸನೆ ವಾರಗಟ್ಟಲೆ ಹೋಗಲಿಲ್ಲ. ಮಾಳಿಗೆಯ ಅರ್ಧಕ್ಕೆ ಕೆಂಪು ಮಣ್ಣು, ಅರ್ಧಕ್ಕೆ ಚೌಳು ಮಣ್ಣು (ಉಪ್ಪಿನಂಶದ ಮಣ್ಣು) ಹಾಕಿಸಿದೆ. ಮೊದಲ ಜೋರು ಮಳೆಗೇ ಕೆಂಪಿನ ಕಡೆ ಸೋರಿತು. ಚೌಳು ಮಣ್ಣು ನೀರು ತಾಗಿದ ಕೂಡಲೇ ಬಿಗಿದುಕೊಳ್ಳುತ್ತೆ, ಕೆಳಗೆ ಒಂದು ಹನಿ ಇಲ್ಲ.

ಗಾರೆಗೆ ಒಟ್ಟು 3.5 ಲಕ್ಷದ ಆಸುಪಾಸು ಹೋಯಿತು, ಹೆಚ್ಚಿನದು ಕೂಲಿಯೇ. ಸಿಮೆಂಟಿಗಿಂತ ದುಪ್ಪಟ್ಟು, ನಿಜ. ಆದರೆ ವರ್ಷವರ್ಷದ ಪೇಂಟ್, ಪ್ಯಾಚು ಅಂತ 40 ಸಾವಿರ ಹೋಗುತ್ತಿದ್ದುದು ನಿಂತಿದೆ, ಮಳೆಗಾಲದಲ್ಲೂ ರೂಮು ತುಂಬುತ್ತೆ. ದೀಪಾವಳಿ ಮುಂಚೆ ಒಂದು ಕೈ ಸುಣ್ಣ ಬಳಿಸಿದರೆ ಸಾಕು. ಪ್ಲಾಸ್ಟಿಕ್ ಪೇಂಟ್ ಮಾತ್ರ ಗಾರೆ ಹತ್ತಿರಕ್ಕೂ ಬಿಡಬೇಡಿ.