ಗಂಡ ದುಬೈಯಲ್ಲಿ, ಕಾಗದಪತ್ರ ಉಡುಪಿಯಲ್ಲಿ: ಕುಟುಂಬ ವೀಸಾ ಮಾಡಿಸಿದ ನನ್ನ ಅನುಭವ

ಕೊಲ್ಲಿ ದೇಶದಲ್ಲಿರುವ ಗಂಡನ ಜೊತೆ ಸಂಸಾರ ಹೂಡಬೇಕು ಎಂದರೆ ನಮ್ಮ ಕಡೆಯ ಮನೆಗಳಲ್ಲಿ ಕೇಳಿಬರುವುದು ಒಂದೇ ಮಾತು: ‘ಅವನು ಅಲ್ಲಿಂದ ವೀಸಾ ಕಳುಹಿಸುತ್ತಾನೆ, ನೀನು ಬಟ್ಟೆಬರೆ ಕಟ್ಟಿಕೊಂಡು ಹೊರಡು.’ ನಾನೂ ನನ್ನ ಮಗಳೂ ದುಬೈಯ ನಿವಾಸಿ ವೀಸಾ ಪಡೆದದ್ದು ಹಾಗಲ್ಲ. ಮುಕ್ಕಾಲು ಪಾಲು ಕೆಲಸ ಊರಿನಲ್ಲೇ ನಡೆಯಿತು, ಅದನ್ನು ಮಾಡಿದವಳು ನಾನು. ಈ ಕೆಲಸ ಹೆಂಗಸರ ಕೈಯಲ್ಲಿ ಆಗುವಂಥದ್ದಲ್ಲ ಎಂದು ಹೆದರಿಸಿ ಏಜೆಂಟರ ಬಳಿ ಕಳುಹಿಸುವವರು ಬಹಳ ಮಂದಿ ಇದ್ದಾರೆ. ಅವರ ಮಾತು ಕೇಳಿ ಕುಳಿತವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಅಲ್ಲಿ ನನ್ನವರು ಮಾಡಬೇಕಾದದ್ದು ಸ್ವಲ್ಪ. ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಲು ಯುಎಇಯಲ್ಲಿ ತಿಂಗಳಿಗೆ 4,000 ದಿರ್ಹಂ ಸಂಬಳ, ಅಥವಾ 3,000 ದಿರ್ಹಂ ಜೊತೆಗೆ ವಸತಿ ಇರಬೇಕು. 2019ರಲ್ಲಿ ಹುದ್ದೆಯ ಷರತ್ತು ಹೋಗಿ ಆದಾಯವೇ ಅಳತೆಗೋಲಾಯಿತು. ನಾಲ್ಕು ಜನರ ಕೋಣೆಯಲ್ಲಿ ಒಂದು ಮಂಚ ಬಾಡಿಗೆಗೆ ಹಿಡಿದಿದ್ದರೆ ಸಾಲದು. ಮನೆಯ ಕರಾರು ಅವರ ಹೆಸರಿನಲ್ಲಿ ಆಗಿ, ದುಬೈಯವರು ‘ಇಜಾರಿ’ ಎನ್ನುವ ನೋಂದಣಿ ಆಗಿರಬೇಕು. ಅದಾದರೆ ಅವರ ಕಡೆಯ ದೊಡ್ಡ ಕೆಲಸ ಮುಗಿದಂತೆ.

ಇತ್ತ ನಮ್ಮ ಊರಿನ ನಿಜವಾದ ತೊಡಕು ಹೆಸರು. ತಂದೆಯ ಹೆಸರಿನ ಮೊದಲಕ್ಷರ, ಇಲ್ಲವೇ ಊರಿನ ಮೊದಲಕ್ಷರ, ಅದರ ಹಿಂದೆಯೋ ಮುಂದೆಯೋ ಕುಲದ ಹೆಸರು. ಶಾಲೆಯಲ್ಲಿ ಒಂದು ಬಗೆ, ಪಡಿತರ ಚೀಟಿಯಲ್ಲಿ ಇನ್ನೊಂದು ಬಗೆ. ನನ್ನ ಹೆಸರಿನ ಕೊನೆಗೆ ಬರುವ ‘ತ’ ಅಕ್ಷರಕ್ಕೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇಂಗ್ಲಿಷಿನ ‘ಎಚ್’ ಸೇರಿದೆ, ಆಧಾರ್‌ನಲ್ಲಿ ಇರಲಿಲ್ಲ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ನಡೆಯದ ಕಾರಣ ಅಪ್ಪನ ಹೆಸರು ಪೂರ್ತಿಯಾಗಿ ಬಂದು ಕುಳಿತಿದೆ. ಇಲ್ಲಿ ಯಾರೂ ಇದನ್ನು ಗಣಿಸುವುದಿಲ್ಲ. ಆದರೆ ವೀಸಾ ಅರ್ಜಿ ನೋಡುವವರ ಮುಂದೆ ಇರುವುದು ಪಾಸ್‌ಪೋರ್ಟ್ ಮತ್ತು ವಿವಾಹ ಪ್ರಮಾಣಪತ್ರ ಮಾತ್ರ. ಎರಡರಲ್ಲೂ ಒಂದೇ ಹೆಸರು ಇಲ್ಲದಿದ್ದರೆ ಅವರ ಲೆಕ್ಕಕ್ಕೆ ಇಬ್ಬರು ಹೆಂಗಸರು.

ಆದ್ದರಿಂದ ಪಾಸ್‌ಪೋರ್ಟನ್ನೇ ಮೂಲವಾಗಿ ಹಿಡಿದೆ. ಮಿಕ್ಕೆಲ್ಲ ದಾಖಲೆ ಅದಕ್ಕೆ ಹೊಂದಿಕೊಳ್ಳಬೇಕು. ಮೊದಲು ಆಧಾರ್ ಸರಿಪಡಿಸಿದೆ. ಮದುವೆಯಾದ ಕೂಡಲೇ ಗಂಡನ ಮನೆಯ ಹೆಸರು ಸೇರಿಸಿಕೊಳ್ಳಲು ಅತ್ತೆಯ ಕಡೆಯವರು ಪ್ರೀತಿಯಿಂದಲೇ ಹೇಳಿದರು. ವೀಸಾ ಆಗುವವರೆಗೆ ಬೇಡ ಎಂದೆ, ಒಪ್ಪಿದರು. ಗಂಡನ ಹೆಸರು ಸೇರಿಸಲೇಬೇಕೆಂಬ ಕಾನೂನು ಇಲ್ಲಿಯೂ ಇಲ್ಲ, ಅಲ್ಲಿಯೂ ಇಲ್ಲ.

ವಿವಾಹ ನೋಂದಣಿಯನ್ನು ನನ್ನವರ ರಜೆ ಮುಗಿಯುವ ಮೊದಲೇ ಮಾಡಿಸಿದೆವು. ಲಗ್ನಪತ್ರಿಕೆ, ಮದುವೆಯ ಫೋಟೋ, ವಯಸ್ಸು ಮತ್ತು ವಿಳಾಸದ ದಾಖಲೆ, ಮೂವರು ಸಾಕ್ಷಿಗಳೊಂದಿಗೆ ಉಪನೋಂದಣಾಧಿಕಾರಿ ಕಚೇರಿಗೆ ಹೋದೆವು. ಗುಮಾಸ್ತರು ವಿವರ ತುಂಬಿ ಪ್ರಿಂಟ್ ಕೊಡಲು ಹೊರಟಾಗ ‘ಸರ್, ಪರದೆ ಒಮ್ಮೆ ಈ ಕಡೆ ತಿರುಗಿಸುತ್ತೀರಾ?’ ಎಂದೆ. ಪಾಸ್‌ಪೋರ್ಟ್ ತೆರೆದಿಟ್ಟು ಇಬ್ಬರ ಹೆಸರನ್ನೂ ಬೆರಳಿಟ್ಟು ಅಕ್ಷರ ಅಕ್ಷರವಾಗಿ ಓದಿದೆ. ನನ್ನ ‘ಎಚ್’ ಬಿಟ್ಟುಹೋಗಿತ್ತು. ಅವರು ಬೇಸರಿಸಿಕೊಳ್ಳದೆ ತಿದ್ದಿ, ‘ನಿಧಾನವಾಗಿ ನೋಡಿ ಮೇಡಂ, ಸಹಿ ಬಿದ್ದ ಮೇಲೆ ತಿದ್ದುವುದು ಕಷ್ಟ’ ಎಂದರು. ಆ ಐದು ನಿಮಿಷ ಉಳಿಸಿದ ಓಡಾಟ ಎಷ್ಟೆಂದು ಹೇಳಲಾರೆ. ಈಗ, 2024ರಿಂದ, ಹಿಂದೂ ವಿವಾಹ ನೋಂದಣಿಗೆ ರಾಜ್ಯದ ನೋಂದಣಿ ಇಲಾಖೆಯ ‘ಕಾವೇರಿ’ ಜಾಲತಾಣದಲ್ಲಿ ಆನ್‌ಲೈನ್ ವ್ಯವಸ್ಥೆಯೂ ಇದೆ. ಅಲ್ಲಿಯೂ ಒಪ್ಪಿಗೆ ಒತ್ತುವ ಮೊದಲು ಹೀಗೆಯೇ ಓದಿ.

ಇನ್ನು, ನಮ್ಮ ಪ್ರಮಾಣಪತ್ರ ಅಸಲಿ ಎಂದು ಯುಎಇಯವರು ಒಪ್ಪಲು ಬೇಕಾದ ಮುದ್ರೆಗಳ ಸರಣಿ. ಇದರ ಒಳಗುಟ್ಟು ತಿಳಿದರೆ ಹೆದರಿಕೆಯೇ ಇರುವುದಿಲ್ಲ. ಪ್ರಮಾಣಪತ್ರಕ್ಕೆ ಉಪನೋಂದಣಾಧಿಕಾರಿ ಸಹಿ ಹಾಕಿದ್ದಾರೆ. ಆ ಸಹಿ ಅಸಲಿ ಎನ್ನುವುದು ಬೆಂಗಳೂರಿನ ಗೃಹ ಇಲಾಖೆ. ಗೃಹ ಇಲಾಖೆಯ ಮುದ್ರೆ ಅಸಲಿ ಎನ್ನುವುದು ವಿದೇಶಾಂಗ ಸಚಿವಾಲಯ. ಸಚಿವಾಲಯದ ಮುದ್ರೆಗೆ ಯುಎಇ ರಾಯಭಾರ ಕಚೇರಿ, ಅದರ ಮುದ್ರೆಗೆ ದುಬೈಯಲ್ಲಿ ಅಲ್ಲಿನ ವಿದೇಶಾಂಗ ಸಚಿವಾಲಯ. ಪ್ರತಿಯೊಬ್ಬರೂ ನೋಡುವುದು ತಮಗಿಂತ ಹಿಂದಿನವರ ಸಹಿಯನ್ನು ಮಾತ್ರ. ಹಾಗಾಗಿ ನಡುವೆ ಒಂದನ್ನು ಹಾರಿಸಿ ಮುಂದೆ ಹೋಗಲು ಸಾಧ್ಯವೇ ಇಲ್ಲ. ಇಷ್ಟೆಲ್ಲ ಏಕೆಂದರೆ ಯುಎಇ ಅಪೋಸ್ಟಿಲ್ ಒಪ್ಪಂದದ ಹೊರಗಿದೆ. ಅಪೋಸ್ಟಿಲ್ ಎಂದರೆ ಸದಸ್ಯ ದೇಶಗಳು ಒಂದರ ದಾಖಲೆಯನ್ನು ಇನ್ನೊಂದು ಒಪ್ಪಿಕೊಳ್ಳಲು ಸಾಕಾಗುವ ಒಂದೇ ಮುದ್ರೆ. ಭಾರತ 2005ರಲ್ಲೇ ಅದಕ್ಕೆ ಸೇರಿತು. ಒಮಾನ್, ಬಹರೈನ್, 2022ರಿಂದ ಸೌದಿ ಅರೇಬಿಯಾ ಕೂಡ ಸದಸ್ಯ ದೇಶಗಳು. ಅಲ್ಲಿಗೆ ಹೋಗುವವರು ಅಪೋಸ್ಟಿಲ್ ಕೇಳಿ. ದುಬೈಯ ಪಟ್ಟಿ ಹಿಡಿದು ಹೊರಡಬೇಡಿ.

ಗೃಹ ಇಲಾಖೆಗೆ ರಾತ್ರಿಯ ಪಂಚಗಂಗಾ ರೈಲಿನಲ್ಲಿ ನಾನೇ ಹೋದೆ. ವಿದೇಶಾಂಗ ಸಚಿವಾಲಯ ಜನರಿಂದ ನೇರವಾಗಿ ದಾಖಲೆ ತೆಗೆದುಕೊಳ್ಳುವುದಿಲ್ಲ; ಅದು ನೇಮಿಸಿದ ಸಂಸ್ಥೆಗಳಿವೆ, ಬೆಂಗಳೂರಿನಲ್ಲೇ ಕೊಟ್ಟೆ, ಮುಂದಿನದ್ದನ್ನು ಅವರೇ ಮಾಡಿಸಿ ಅಂಚೆಯಲ್ಲಿ ಕಳುಹಿಸಿದರು. ಊರಿನ ಒಬ್ಬ ಏಜೆಂಟರು ಇಷ್ಟಕ್ಕೇ ಕೇಳಿದ್ದ ಮೊತ್ತ ಕೇಳಿ ನನ್ನ ಅಮ್ಮ ಬಳೆ ಬಿಚ್ಚಲು ಹೊರಟಿದ್ದರು. ಅಂಥ ಮನೆಗಳ ಮೇಲೆ ನನಗೆ ನಿಜಕ್ಕೂ ಮರುಕವಿದೆ. ಕೇಳಿ ತಿಳಿದುಕೊಂಡರೆ ಉಳಿಯುವ ಹಣ ಅದು.

ಒಂದು ಮಾತು ಗಟ್ಟಿಯಾಗಿ ಹೇಳಬೇಕು: ಪ್ರಮಾಣಪತ್ರಕ್ಕೆ ಲ್ಯಾಮಿನೇಷನ್ ಮಾಡಿಸಬೇಡಿ. ಮುದ್ರೆಗಳೆಲ್ಲ ಬೀಳುವುದು ಹಾಳೆಯ ಬೆನ್ನಿನ ಮೇಲೆ. ಪ್ಲಾಸ್ಟಿಕ್ಕಿನ ಮೇಲೆ ಶಾಯಿ ನಿಲ್ಲುವುದಿಲ್ಲ, ಬಿಡಿಸಲು ಹೋದರೆ ಕಾಗದವೇ ಕಿತ್ತುಬರುತ್ತದೆ.

ಮಗಳ ಜನನ ಪ್ರಮಾಣಪತ್ರಕ್ಕೂ ಇದೇ ಸರಣಿ. ಹೆರಿಗೆಯಾದ ಆಸ್ಪತ್ರೆಯಲ್ಲಿ ತುಂಬಿಸಿಕೊಳ್ಳುವ ಅರ್ಜಿಯಲ್ಲೇ ತಂದೆ ತಾಯಿಯ ಹೆಸರನ್ನು ಪಾಸ್‌ಪೋರ್ಟಿನಂತೆ ಬರೆದುಕೊಟ್ಟಿದ್ದೆ. ನಾಮಕರಣಕ್ಕೆ ಮೊದಲೇ ಪತ್ರ ಬಂದದ್ದರಿಂದ ಮಗುವಿನ ಹೆಸರಿನ ಜಾಗ ಖಾಲಿ ಇತ್ತು. ಒಂದು ವರ್ಷದೊಳಗೆ ಹೆಸರು ಸೇರಿಸಲು ಶುಲ್ಕವಿಲ್ಲ. ನಗರಸಭೆಗೆ ಅರ್ಜಿ ಕೊಟ್ಟು ಸೇರಿಸಿ, ಆಮೇಲೆ ಪಾಸ್‌ಪೋರ್ಟ್ ಮಾಡಿಸಿದೆ. ಮಕ್ಕಳ ಪಾಸ್‌ಪೋರ್ಟಿನ ಅವಧಿ ಐದೇ ವರ್ಷ, ನೆನಪಿಡಿ.

ದುಬೈಯಲ್ಲಿ ಉಳಿದ ಕೆಲಸ ಸಲೀಸು. ಪ್ರಮಾಣಪತ್ರಗಳನ್ನು ಅಲ್ಲಿನ ಅಧಿಕೃತ ಅನುವಾದಕರಿಂದ ಅರಬಿಗೆ ಮಾಡಿಸಿ, ದುಬೈಯಲ್ಲಿ ವೀಸಾ ಅರ್ಜಿ ತೆಗೆದುಕೊಳ್ಳುವ ‘ಆಮೆರ್’ ಕೇಂದ್ರದಲ್ಲಿ ನನ್ನವರು ಅರ್ಜಿ ಹಾಕಿದರು. ಮೊದಲು ಬರುವುದು ಪ್ರವೇಶಪತ್ರ. 60 ದಿನಗಳೊಳಗೆ ಆ ದೇಶಕ್ಕೆ ಕಾಲಿಡಬೇಕು. ಇಳಿದ ಮೇಲೆ ರಕ್ತ ಪರೀಕ್ಷೆ, ಎದೆಯ ಎಕ್ಸ್‌ರೇ. ಗರ್ಭಿಣಿಯರಿಗೆ ಎಕ್ಸ್‌ರೇ ಇಲ್ಲ, 18 ತುಂಬದವರಿಗೆ ಈ ಪರೀಕ್ಷೆಯೇ ಇಲ್ಲ. ಆಮೇಲೆ ಬೆರಳಚ್ಚು, ಆರೋಗ್ಯ ವಿಮೆ, ಎಮಿರೇಟ್ಸ್ ಐಡಿ ಎನ್ನುವ ಅಲ್ಲಿನ ಗುರುತಿನ ಚೀಟಿ. 2022ರಿಂದ ಪಾಸ್‌ಪೋರ್ಟಿಗೆ ವೀಸಾ ಚೀಟಿ ಅಂಟಿಸುವುದಿಲ್ಲ, ಆ ಐಡಿಯೇ ನಿವಾಸದ ದಾಖಲೆ.

ವೀಸಾ ಸಿಕ್ಕ ಮೇಲೆ ಮರೆಯಬಾರದ ನಿಯಮ ಆರು ತಿಂಗಳದ್ದು. ಒಂದೇ ಸಮನೆ 180 ದಿನಕ್ಕಿಂತ ಹೆಚ್ಚು ಹೊರಗಿದ್ದರೆ ಸಾಮಾನ್ಯ ನಿವಾಸಿ ವೀಸಾ ರದ್ದಾಗುತ್ತದೆ. ನಮ್ಮ ಹೆಣ್ಣುಮಕ್ಕಳಿಗೆ ಇದು ತಾಗುವುದು ಹೆರಿಗೆಯ ಹೊತ್ತಿಗೆ. ತುಂಬು ಗರ್ಭಿಣಿಯರನ್ನು ವಿಮಾನದವರು ಹತ್ತಿಸಿಕೊಳ್ಳುವುದಿಲ್ಲವೆಂದು ಏಳನೆಯ ತಿಂಗಳಿಗೇ ತವರಿಗೆ ಬರುತ್ತಾರೆ. ಬಾಣಂತನ ಮುಗಿಯುವ ಹೊತ್ತಿಗೆ ಲೆಕ್ಕದ ದಿನಗಳು ತೀರುತ್ತಾ ಬಂದಿರುತ್ತವೆ, ಮಗುವಿನ ಪಾಸ್‌ಪೋರ್ಟ್, ಮುದ್ರೆ ಯಾವುದೂ ಶುರುವೇ ಆಗಿರುವುದಿಲ್ಲ. ಅಲ್ಲಿಯೇ ಹುಟ್ಟಿದ ಮಗುವಿಗೆ ವೀಸಾ ಮಾಡಿಸಲು 120 ದಿನಗಳ ಅವಕಾಶವಿದೆ; ಇಲ್ಲಿ ಹುಟ್ಟಿದ ಮಗುವಿಗೆ ಇಡೀ ಸರಣಿ ಮೊದಲಿನಿಂದ ಆಗಬೇಕು. ಹೊರಡುವ ಮೊದಲೇ 180ನೆಯ ದಿನ ಯಾವುದೆಂದು ಗುರುತು ಹಾಕಿ, ಮಗುವಿನ ಹೆಸರನ್ನು ಹಿರಿಯರೊಡನೆ ಕುಳಿತು ಮುಂಚಿತವಾಗಿ ನಿಶ್ಚಯಿಸಿ, ಆಸ್ಪತ್ರೆಯಿಂದ ಬಿಡುಗಡೆಯಾಗುವ ಮೊದಲೇ ಜನನದ ಅರ್ಜಿಯಲ್ಲಿ ಬರೆಸಿಬಿಡಿ.