ಬ್ರಿಕ್ ಗೇಮ್ ಪರದೆ ತಿಳಿಯಾಯಿತು: ನನ್ನ ಅನುಭವ

ಕೈಯಲ್ಲಿ ಹಿಡಿದು ಆಡುವ ಹಳೇ ಬ್ರಿಕ್ ಗೇಮ್‌ನ ಪೋಲರೈಸರ್ (ಪರದೆಯ ಗಾಜಿಗೆ ಅಂಟಿಸಿದ, ಬೆಳಕು ಸೋಸುವ ಹಾಳೆ) ಬದಲಿಸಲು ಹೋದರೆ ಗಾಜು ಒಡೆಯುತ್ತದೆ, ಹೊಸದೇ ಇನ್ನೂರು ರೂಪಾಯಿಗೆ ಸಿಗುವಾಗ ಇಷ್ಟು ಒದ್ದಾಟ ಯಾಕೆ ಅಂತ ಮೊಬೈಲ್ ರಿಪೇರಿಯವರಿಂದ ಹಿಡಿದು ಹಳೇ ಆಟಿಕೆ ಕೂಡಿಡುವವರ ತನಕ ಎಲ್ಲರೂ ಹೇಳಿದರು. ಈಗ ಕೈಗೆ ಬಂದ ಹತ್ತು ಸೆಟ್‌ಗಳಲ್ಲಿ ಏಳೆಂಟು ಸರಿಹೋಗುತ್ತಿವೆ. ಹೊಸದು ಸಿಗುವುದು ನಿಜ. ಆದರೆ ತೊಂಬತ್ತರ ದಶಕದ ‘9999 ಇನ್ 1’ ಸೆಟ್‌ನ ದಪ್ಪ ಪ್ಲಾಸ್ಟಿಕ್, ಬಟನ್ ಒತ್ತಿದಾಗ ಬೆರಳಿಗೆ ಸಿಗುವ ಬಿಗಿ, ಸಾಲು ಮುರಿದಾಗ ಬರುವ ಆ ಸದ್ದು ಹೊಸದರಲ್ಲಿಲ್ಲ. ಆಟವೆಲ್ಲ ನಡೆಯುವುದು ಹತ್ತು ಅಡ್ಡ, ಇಪ್ಪತ್ತು ಉದ್ದದ ಚೌಕಗಳಲ್ಲಿ. ಆ ಇನ್ನೂರು ಚೌಕ ಸ್ಪಷ್ಟವಾಗಿ ಕಂಡರೆ ಸೆಟ್ ಬದುಕಿದ ಹಾಗೆ.

ಮೊದಲು ಕಾಯಿಲೆ ಯಾವುದೆಂದು ಗುರುತಿಸಿ. ಮೂಲೆಯಿಂದ ಶಾಯಿಯಂತೆ ಹರಡಿದ ಕಪ್ಪು ಮಚ್ಚೆಯಿದ್ದರೆ ಗಾಜು ಸೀಳಿ ಒಳಗಿನ ದ್ರವ ಹೊರಗೆ ಬಂದಿದೆ, ಅದಕ್ಕೆ ಮದ್ದಿಲ್ಲ. ಗುಳ್ಳೆ, ಕಂದು ಬಣ್ಣ, ಬಿಚ್ಚಿದ ಕೂಡಲೇ ವಿನೆಗರ್‌ನ ಹುಳಿ ವಾಸನೆ ಇದ್ದರೆ ಪೋಲರೈಸರ್ ಹಾಳಾಗಿದೆ. ಅದರ ಹೊದಿಕೆ ಅಸಿಟೇಟ್ ಹಾಳೆ, ಒಳಗಿನ ಪದರ ಅಯೋಡಿನ್ ಹಿಡಿದ ಪಿವಿಎ ಎಂಬ ಪ್ಲಾಸ್ಟಿಕ್. ಎರಡಕ್ಕೂ ಶಾಖ ಮತ್ತು ತೇವ ಸೇರಿದರೆ ಉಳಿಗಾಲವಿಲ್ಲ. ಕರಾವಳಿಯ ಮನೆಗಳಿಂದ ಬಂದ ಸೆಟ್‌ಗಳಲ್ಲಿ ಗುಳ್ಳೆ ಜಾಸ್ತಿ, ಬಯಲುಸೀಮೆಯಲ್ಲಿ ಬಿಸಿಲಿಗೆ ಬಿದ್ದವು ಬರೀ ಬಿಳಿಚಿಕೊಂಡಿರುತ್ತವೆ. ಗುಳ್ಳೆಯದೇ ಸಲೀಸು, ಹಾಳೆ ತಾನೇ ಅರ್ಧ ಎದ್ದಿರುತ್ತದೆ. ಇನ್ನು ಕೆಲವು ಕಂಬಸಾಲು ಮಾತ್ರ ಕಾಣದಿದ್ದರೆ ಅದು ಗಾಜನ್ನು ಬೋರ್ಡಿಗೆ ಜೋಡಿಸುವ ರಿಬ್ಬನ್ನಿನ ಕೆಲಸ, ಕೊನೆಗೆ ಹೇಳುತ್ತೇನೆ.

ಹಾಳೆ ಬಿಡಿಸುವುದೇ ಎಲ್ಲರೂ ಸೋಲುವ ಜಾಗ. ಹಾಟ್ ಏರ್ ಗನ್ ಬೇಡ. ರಿಬ್ಬನ್ನಿನ ಅಂಟು ಮೊದಲು ಬಿಡುತ್ತದೆ, ಆಮೇಲೆ ಗಾಜೂ ಇಲ್ಲ, ಆಟವೂ ಇಲ್ಲ. ತಲೆ ಒಣಗಿಸುವ ಡ್ರೈಯರ್ ಸಾಕು. ಬಿಸಿ ಏರಿದಾಗ ಇಡೀ ಪರದೆ ಕಪ್ಪಾಗಿ ನಿಲ್ಲುತ್ತದೆ, ಹೆದರಬೇಡಿ, ತಣ್ಣಗಾದರೆ ತಿಳಿಯಾಗುತ್ತದೆ. ರಿಬ್ಬನ್‌ನಿಂದ ದೂರದ ಮೂಲೆಯಲ್ಲಿ ಹೊಸ ಬ್ಲೇಡನ್ನು ಗಾಜಿಗೆ ಮಲಗಿಸಿ ತೂರಿಸಿ. ಒಂದು ಅಂಗುಲ ಎದ್ದ ಮೇಲೆ ಹಾಳೆಯನ್ನು ಮೇಲಕ್ಕೆ ಎತ್ತಬಾರದು, ಗಾಜಿನ ಮೇಲೇ ಹಿಂದಕ್ಕೆ ಮಡಚಿ ನಿಧಾನವಾಗಿ ಎಳೆಯಬೇಕು. ಮೇಲಕ್ಕೆಳೆದರೆ ಒಂದು ಮಿಲಿಮೀಟರ್ ಆಸುಪಾಸಿನ ಗಾಜು ತಡೆಯುವುದಿಲ್ಲ. ಗಾಜನ್ನು ಕೆಳಗಿನಿಂದ ಪೂರ್ತಿ ಆನಿಸಿಕೊಳ್ಳಲು ಒಂದು ಅಚ್ಚು ಮಾಡಿಕೊಂಡಿದ್ದೇನೆ, ನನ್ನ ಲೆಕ್ಕ ಏಳೆಂಟಕ್ಕೆ ಏರಿದ್ದು ಅದರಿಂದಲೇ. ಅದು ಹೇಗೆಂದು ಇಲ್ಲಿ ಬಿಚ್ಚಿಡುವುದಿಲ್ಲ.

ಉಳಿದ ಅಂಟಿಗೆ ಅಸಿಟೋನ್ ಹಾಕಿದವರ ಗಾಜು ನೋಡಿದ್ದೇನೆ: ಅಂಚಿನ ಎಪಾಕ್ಸಿ ಸಡಿಲ, ಹನಿ ಬಿದ್ದಲ್ಲಿ ಡಬ್ಬಿಯ ಪ್ಲಾಸ್ಟಿಕ್ ಕರಗಿ ಕಲೆ. ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಹಾಕಿ. ನೆನೆಸಿದ ಟಿಶ್ಯೂ ಹತ್ತು ನಿಮಿಷ ಮುಚ್ಚಿಟ್ಟು, ಹಳೇ ಎಟಿಎಂ ಕಾರ್ಡಿನ ಅಂಚಿನಿಂದ ಉಜ್ಜಿದರೆ ಅಂಟು ಉಂಡೆಯಾಗಿ ಬರುತ್ತದೆ. ಎರಡು ಮೂರು ಸಲ ಮಾಡಬೇಕು.

ಈಗ ಹೊಸ ಹಾಳೆ ಕೂರಿಸುವ ಕೋನ. ಇಲ್ಲಿ ಅಂದಾಜು ನಡೆಯುವುದಿಲ್ಲ. ಸೆಲ್ ಹಾಕಿ ಆಟ ಓಡಿಸಿ, ಹೊಸ ಹಾಳೆಯನ್ನು ಅಂಟಿನ ಮೇಲಿನ ಕಾಗದ ತೆಗೆಯದೆ ಗಾಜಿನ ಮೇಲಿಟ್ಟು ತಿರುಗಿಸುತ್ತಾ ಹೋಗಿ. ಒಂದು ಕಡೆ ಚೌಕ ಕಡುಕಪ್ಪು, ಹಿನ್ನೆಲೆ ತಿಳಿ. ಅಲ್ಲಿಂದ ತೊಂಬತ್ತು ಡಿಗ್ರಿ ತಿರುಗಿದರೆ ಕಪ್ಪು ಹಿನ್ನೆಲೆಯಲ್ಲಿ ಬಿಳಿ ಚೌಕ. ಕೋನ ಸಿಕ್ಕ ಮೇಲೆ ಹಾಳೆಯ ಮೇಲೆ ಪೆನ್ನಿನಲ್ಲಿ ಗಾಜಿನ ಅಂಚು ಗೀಚಿಕೊಂಡು ಕತ್ತರಿಸಿ. ಹಾಳೆಯ ಅಕ್ಷ, ಅಂದರೆ ಅದು ಬೆಳಕು ಬಿಡುವ ದಿಕ್ಕು, ಸಾಮಾನ್ಯವಾಗಿ ಗಾಜಿನ ಅಂಚಿಗೆ 45 ಡಿಗ್ರಿಯಲ್ಲಿರುತ್ತದೆ, ಆದ್ದರಿಂದ ಓರೆಯಾಗಿ ಕತ್ತರಿಸುವಾಗ ಹಾಳೆ ವ್ಯರ್ಥವಾಗುತ್ತದೆ. ಎ4 ಅಳತೆಯ ಒಂದು ಹಾಳೆಗೆ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸುಮಾರು ನಾನೂರು ಕೊಟ್ಟ ನೆನಪು, ಹತ್ತು ಹನ್ನೆರಡು ಪರದೆಗೆ ಬಂತು. ಅಕ್ಷ ಮೊದಲೇ 45ರಲ್ಲಿರುವ ಹಾಳೆಯೂ ಸಿಗುತ್ತದೆ, ಐವತ್ತು ರೂಪಾಯಿ ಹೆಚ್ಚಾದರೂ ಅದನ್ನೇ ತಗೊಳ್ಳಿ. ಅಂಟಿಲ್ಲದ ಹಾಳೆ ಅಗ್ಗವೆಂದು ತಂದರೆ ದುಡ್ಡು ದಂಡ, ಗಾಜಿಗೂ ಹಾಳೆಗೂ ನಡುವೆ ಗಾಳಿ ನಿಂತು ಕಾಮನಬಿಲ್ಲಿನ ಉಂಗುರ ಕಾಣುತ್ತವೆ.

ಅಂಟಿಸುವಾಗ ಮೊಬೈಲ್ ಸ್ಕ್ರೀನ್ ಗಾರ್ಡಿನ ಹಾಗೆ ಸೋಪು ನೀರು ಹಾಕಬೇಡಿ. ಕತ್ತರಿಸಿದ ಅಂಚಿನಿಂದ ನೀರು ಒಳಗೆ ಹೋದರೆ ಕೆಲವೇ ವಾರದಲ್ಲಿ ಅಂಚು ಬಿಳಿಚುತ್ತದೆ. ಒಣದಾಗಿಯೇ, ಒಂದು ಅಂಚಿನಿಂದ ಶುರುಮಾಡಿ ಒತ್ತುತ್ತಾ ಹೋಗಿ.

ಹಿಂಬದಿಯ ಹಾಳೆಯನ್ನು ಸುಮ್ಮನೆ ಮುಟ್ಟಬೇಡಿ. ಬಿಸಿಲು ಬೀಳುವುದು ಮುಂದಿನದಕ್ಕೆ, ಹಿಂದಿನದು ಎಷ್ಟೋ ಸೆಟ್‌ಗಳಲ್ಲಿ ಚೆನ್ನಾಗೇ ಇರುತ್ತದೆ. ಅದರ ಬೆನ್ನಿಗೆ ಬೆಳ್ಳಿ ಬಣ್ಣದ ಪ್ರತಿಫಲಕ ಅಂಟಿರುತ್ತದೆ. ಅದೂ ಹೋಗಿದ್ದರೆ ಸಾದಾ ಹಾಳೆ ಹಾಕಿ ಹಿಂದೆ ಏನಿಡುವುದು ಎಂಬ ಪ್ರಶ್ನೆ ಬರುತ್ತದೆ. ಬಿಳಿ ಕಾಗದ ಇಟ್ಟರೆ ಪರದೆ ಮಂಕು. ಅಡುಗೆಮನೆಯ ಫಾಯಿಲ್ ಇಟ್ಟರೆ ಕನ್ನಡಿಯಂತೆ ಹೊಳೆದು ಕಣ್ಣಿಗೆ ಚುಚ್ಚುತ್ತದೆ. ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದದ ಮಂದ ಹೊಳಪು ಸರಿಹೊಂದಿತು. ಒಂದು ಸೆಟ್‌ಗೆ ಹಿಂದಿನಿಂದ ಎಲ್‌ಇಡಿ ಹಾಳೆ ಕೊಟ್ಟು ಕತ್ತಲಲ್ಲೂ ಆಡುವಂತೆ ಮಾಡಿದೆ, ನೋಡಲು ಬಹಳ ಚೆಂದ. ಆದರೆ ಆಟ ತಿನ್ನುವುದು ಕೆಲವೇ ಮಿಲಿಆಂಪ್, ಬೆಳಕು ತಿನ್ನುವುದು ಅದರ ಹಲವು ಪಟ್ಟು.

ಇನ್ನೊಂದು ಪ್ರಯೋಗ ನನಗೆ ತುಂಬಾ ಇಷ್ಟವಾದದ್ದು. ಬೋರ್ಡಿನ ಕಪ್ಪು ಬೊಟ್ಟಿನಡಿ ಚಿಪ್ ಇದೆ. ಅದರ ವೇಗವನ್ನು ಪಕ್ಕದ ಒಂದೇ ರೆಸಿಸ್ಟರ್ ಹಿಡಿದಿರುವ ಬೋರ್ಡುಗಳಿವೆ. ಅದರ ಜಾಗದಲ್ಲಿ ಹೆಚ್ಚು ಓಮ್‌ನ ರೆಸಿಸ್ಟರ್ ಹಾಕಿದರೆ ತುಂಡುಗಳು ಮೆಲ್ಲಗೆ ಇಳಿಯುತ್ತವೆ, ಸದ್ದೂ ದಪ್ಪವಾಗುತ್ತದೆ. ಚಿಕ್ಕ ಮಕ್ಕಳಿಗೆ ಕೊಡುವ ಸೆಟ್‌ಗೆ ಹೀಗೆ ಮಾಡಬಹುದು. ನಿಂಟೆಂಡೊದ ಗೇಮ್ ಅಂಡ್ ವಾಚ್‌ನಲ್ಲಿ ಇದು ನಡೆಯದು. 1980ರಲ್ಲಿ ಗುನ್ಪೆ ಯೊಕೊಯಿ ರೂಪಿಸಿದ ಆ ಸಾಲಿನ ಆಟಗಳಲ್ಲಿ ಗಡಿಯಾರವೂ ಇರುವುದರಿಂದ ವೇಗ ಹಿಡಿದಿರುವುದು ರೆಸಿಸ್ಟರ್ ಅಲ್ಲ, 32.768 ಕಿಲೋಹರ್ಟ್ಸ್ ಕ್ರಿಸ್ಟಲ್. ಪೋಲರೈಸರ್ ಕೆಲಸ ಮಾತ್ರ ಅಲ್ಲೂ ಇದೇ. ಗಾಜಿಗೂ ಬೋರ್ಡಿಗೂ ನಡುವೆ ರಿಬ್ಬನ್ ಬದಲು ಜೀಬ್ರಾ ರಬ್ಬರ್ (ಕರೆಂಟ್ ಹರಿಸುವ ಪಟ್ಟೆಪಟ್ಟೆ ರಬ್ಬರ್) ಇರುವುದರಿಂದ ಇನ್ನೂ ಸುಲಭ. ರಬ್ಬರಿನ ಅಂಚನ್ನು ಐಪಿಎಯಿಂದ ಒರೆಸಿ, ಬೆರಳು ತಾಗಿಸದೆ ಇದ್ದ ಜಾಗದಲ್ಲೇ ಕೂರಿಸಿ.

ಸೆಲ್ ಸೋರಿದ ಸೆಟ್‌ಗೆ ಎಲ್ಲರೂ ವಿನೆಗರ್ ಎನ್ನುತ್ತಾರೆ. ಅದು ಆಲ್ಕಲೈನ್ ಸೆಲ್ಲಿಗೆ. ನಮ್ಮ ಮನೆಗಳಲ್ಲಿ ಹಾಕುತ್ತಿದ್ದದ್ದು ಅಗ್ಗದ ಜಿಂಕ್ ಕಾರ್ಬನ್ ಸೆಲ್, ಅದರ ಸೋರಿಕೆ ಆಮ್ಲೀಯ. ಅಡುಗೆ ಸೋಡಾ ಕಲಸಿ ಹಚ್ಚಿ, ಒರೆಸಿ, ಐಪಿಎಯಿಂದ ತೊಳೆದು ಒಣಗಿಸಿ. ಸ್ಪ್ರಿಂಗ್ ತುಕ್ಕು ಹಿಡಿದಿದ್ದರೆ ಉಜ್ಜುತ್ತಾ ಕೂರಬೇಡಿ, ಹತ್ತು ರೂಪಾಯಿಗೆ ಹೊಸದು ಸಿಗುತ್ತದೆ. ಚಾರ್ಜ್ ಆಗುವ ಸೆಲ್ ಹಾಕಿದರೆ ಮೂರು ವೋಲ್ಟಿನ ಬದಲು ಸುಮಾರು 2.4 ಮಾತ್ರ ಸಿಕ್ಕು ಚೌಕಗಳು ಬೂದಾಗುತ್ತವೆ, ಅದಕ್ಕೆ ಪೋಲರೈಸರ್ ಬೈದು ಪ್ರಯೋಜನವಿಲ್ಲ.

ಬಟನ್ ಸತ್ತಿದ್ದರೆ ರಬ್ಬರಿನ ಕಪ್ಪು ಗುಂಡಿಗೆ ಮೀಟರ್ ಇಡಿ. ಇನ್ನೂರು ಓಮ್ ಒಳಗಿದ್ದರೆ ಗಟ್ಟಿ, ಕಿಲೋಓಮ್‌ಗಳಿಗೆ ಹೋಗಿದ್ದರೆ ಟಿವಿ ರಿಮೋಟಿಗೆ ಹಾಕುವ ಕಾರ್ಬನ್ ಪ್ಯಾಡ್ ಅಂಟಿಸಿ. ಪೆನ್ಸಿಲ್ ಗೀಚುವುದು ಒಂದು ವಾರದ ಮದ್ದು.

ಉಳಿದದ್ದು ರಿಬ್ಬನ್. ಅದರ ಗೆರೆಗಳು ಕಾರ್ಬನ್ನಿನವು, ಬೆಸುಗೆ ಹಿಡಿಯುವುದಿಲ್ಲ. ಶಾಖದಿಂದ ಅಂಟನ್ನು ಮತ್ತೆ ಕೂರಿಸಬೇಕು, ಅಷ್ಟೇ. ಸಾದಾ 25 ವ್ಯಾಟ್ ಸೋಲ್ಡರಿಂಗ್ ಐರನ್ ನೇರ ಇಟ್ಟರೆ ರಿಬ್ಬನ್ ಸುಟ್ಟು ಮುದುಡುತ್ತದೆ. ತಾಪ ಹೊಂದಿಸುವ ಸ್ಟೇಷನ್‌ನಲ್ಲಿ 150 ಡಿಗ್ರಿ ಆಸುಪಾಸು ಇಟ್ಟು, ಚಪ್ಪಟೆ ತುದಿ ಹಾಕಿ, ನಡುವೆ ತೆಳು ಸಿಲಿಕೋನ್ ರಬ್ಬರ್ ಇಟ್ಟು ನಾಲ್ಕೈದು ಸೆಕೆಂಡ್ ಒತ್ತಿ. ಆಟ ಓಡುತ್ತಿರಲಿ, ಕಂಬಸಾಲು ಮರಳುವುದು ಕಣ್ಣಿಗೇ ಕಾಣುತ್ತದೆ. ಐರನ್ ತೆಗೆದ ಮೇಲೂ ತಣ್ಣಗಾಗುವ ತನಕ ರಬ್ಬರಿನ ಮೇಲಿಂದ ಬೆರಳಲ್ಲಿ ಅದುಮಿ ಹಿಡಿಯಿರಿ, ಬಿಸಿ ಇರುವಾಗಲೇ ಬಿಟ್ಟರೆ ಮತ್ತೆ ಏಳುತ್ತದೆ.